ಬೆಂಕಿ ಯಾವ ದಿಕ್ಕಿಗೆ

ಅಕ್ಟೋಬರ್ ೧, ಮಂಗಳವಾರ

ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಆ ಕೆಲಸ ಇವತ್ತು ನಾನು ಮಾಡಿದೆ. ಸ್ಕೂಲಿನ ಮೀಟಿಂಗಿನಲ್ಲಿ ಉಳಿದವರೆಲ್ಲ ತಲೆ ತಗ್ಗಿಸಿ ಬಿಸ್ಕತ್ತು ತಿನ್ನುತ್ತಿದ್ದಾಗ ನಾನೊಬ್ಬಳು ತಲೆಯೆತ್ತಿದೆ. ನಮ್ಮ ವಿಭಾಗದ ಮುಖ್ಯಸ್ಥ ಗ್ರಹಾಂ ತಕ್ಷಣ, “ಚಂದ್ರಿಕಾ, ನೀವು ತಗೋತೀರಾ? ಬಹಳ ಉಪಕಾರ” ಎಂದು ಬರೆದುಕೊಂಡೇಬಿಟ್ಟ. ಹೀಗೆ ಒಂಬತ್ತನೇ ತರಗತಿಗೆ ‘ಆಧುನಿಕ ಪೇಗನ್ ಧರ್ಮದ ಪ್ರಭಾವಿ ವ್ಯಕ್ತಿಗಳು’ ಎಂಬ ಪಾಠ ನನ್ನ ತಲೆಗೆ ಬಂತು. ಪೇಗನ್ ಎಂದರೆ ಕ್ರೈಸ್ತ ಧರ್ಮ ಬರುವ ಮುಂಚಿನ ಪ್ರಕೃತಿ ಪೂಜೆಗೆ ಮರಳಿದವರು. ಮಂಗಳವಾರಕ್ಕೊಂದು ಪೀರಿಯಡ್ಡು. ಕೊನೆಯ ವಾರ ಒಬ್ಬೊಬ್ಬ ಮಗುವೂ ಒಬ್ಬೊಬ್ಬ ವ್ಯಕ್ತಿಯ ಬಗ್ಗೆ ಎದ್ದು ನಿಂತು ಮಾತಾಡಬೇಕು.

ಇಲ್ಲಿ ಧರ್ಮಗಳ ಪಾಠ ಹೇಳಲು ಶುರುಮಾಡಿ ಇದು ಎರಡನೇ ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಿದ್ದವಳು ಬರ್ಮಿಂಗ್‌ಹ್ಯಾಮಿಗೆ ಬಂದು ದೇವರುಗಳ ಪರೀಕ್ಷೆ ಮಾಡುತ್ತಿದ್ದೀನಿ ಎಂದು ನಮ್ಮ ಯಜಮಾನರು ದಿವಾಕರ ರೇಗಿಸುತ್ತಾರೆ. ರೇಗಿಸಲಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರಿಗೆ ಎಚ್ಚರವಿರುವ ಮೂವತ್ತು ಮಕ್ಕಳನ್ನು ಕೂರಿಸುವ ಕಷ್ಟ ಎಲ್ಲಿ ಗೊತ್ತಾಗಬೇಕು?

ಬೆಳಿಗ್ಗೆ ಎಂದಿನಂತೆ ಸ್ಕೂಲಿಗೆ ಮುಂಚಿನ ಸಿಗ್ನಲ್ಲಿನಲ್ಲಿ ವೆಟ್ ವೈಪ್ ತೆಗೆದು ಹಣೆಯ ಕುಂಕುಮ ಒರೆಸಿಕೊಂಡೆ. ಎಲ್ಲಾ ಧರ್ಮ ಹೇಳಿಕೊಡುವವಳು ಯಾವ ಕಡೆಗೂ ವಾಲಿದ ಹಾಗೆ ಕಾಣಬಾರದು. ಇದು ನನ್ನದೇ ನಿಯಮ, ಯಾರೂ ಹೇರಿದ್ದಲ್ಲ.

ಅಕ್ಟೋಬರ್ ೮, ಮಂಗಳವಾರ

ಮೊದಲ ಪಾಠ ಪರವಾಗಿಲ್ಲ. ಗಾರ್ಡ್ನರ್ ಬಗ್ಗೆ ಹೇಳಿದೆ. ಸಿಲೋನಿನ ಚಹಾ ತೋಟದಲ್ಲಿ ದುಡಿದು, ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿ ರಿಟೈರಾಗಿ ಬಂದ ಮೇಲೆ, ಮಾಟದ ವಿರುದ್ಧ ಇದ್ದ ಹಳೆಯ ಕಾನೂನು ರದ್ದಾದದ್ದೇ ತಡ, ‘ನಾನೂ ಒಬ್ಬ ವಿಚ್’ ಎಂದು ಪತ್ರಿಕೆಯವರ ಮುಂದೆ ನಿಂತ ಮನುಷ್ಯ. “ಅಂದ್ರೆ ಪೆನ್ಷನ್ ಬಂದ್ಮೇಲೆ ಧರ್ಮ ಶುರು ಮಾಡಿದ್ನಾ ಮಿಸ್?” ಎಂದ ಕಾನರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಡೋರೀನ್ ವ್ಯಾಲಿಯೆಂಟ್. ಗಾರ್ಡ್ನರನ ಪೂಜಾವಿಧಿಯನ್ನು ತಿದ್ದಿ ಹೊಸದಾಗಿ ಬರೆದವಳು. ಪ್ರಚಾರದ ಹುಚ್ಚು ನಿಲ್ಲಿಸು ಎಂದು ಅವನಿಗೇ ಎದುರು ನಿಂತು ಹೊರಗೆ ಬಂದವಳು. ತಾಯಿ ಬದುಕಿರುವವರೆಗೂ ತನ್ನ ಧರ್ಮವನ್ನು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ ಎಂದು ಹೇಳಿದಾಗ ಹಿಂದಿನ ಸಾಲಿನ ಬ್ರಯೊನಿ ತಲೆಯೆತ್ತಿದಳು. ಸೆಪ್ಟೆಂಬರಿನಿಂದ ಆ ಹುಡುಗಿ ನನ್ನ ತರಗತಿಯಲ್ಲಿ ಬಾಯಿಬಿಟ್ಟದ್ದೇ ಇಲ್ಲ. ರೇಡಿಯೇಟರಿಗೆ ಒರಗಿಕೊಂಡು ಉಗುರಿನ ಮೇಲೆ ಪೆನ್ನಿನಿಂದ ಎಲೆ ಬರೆದುಕೊಳ್ಳುತ್ತಿರುತ್ತಾಳೆ.

ಮನೆಯಲ್ಲಿ ಮಗಳು ಅಮೂಲ್ಯಾ, “ಅಮ್ಮಾ, ಕನ್ನಡದಲ್ಲಿ ವಿಚ್‌ಗೆ ಏನು?” ಎಂದಳು. ಮಾಟಗಾತಿ ಎಂದೆ. “ದಟ್ ಸೌಂಡ್ಸ್ ಸೋ ಮಚ್ ವರ್ಸ್” ಎಂದು ಚಪಾತಿ ಸುತ್ತಿಕೊಂಡು ಮೇಲೆ ಹೋದಳು. ಅವಳು ಬೇರೆ ಸ್ಕೂಲಿನಲ್ಲಿ ಹನ್ನೊಂದನೇ ತರಗತಿ, ಪುಣ್ಯಕ್ಕೆ.

ಅಕ್ಟೋಬರ್ ೧೧, ಶುಕ್ರವಾರ

ಆಯುಧ ಪೂಜೆ. ದಿವಾಕರ ಬೆಳಿಗ್ಗೆ ಬೇಗ ಎದ್ದು ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿನ ಮೇಲೆ ಅಷ್ಟಗಲ ಕುಂಕುಮ ಬಳಿದಿದ್ದರು. ನಾನು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಅದನ್ನೂ ಒರೆಸಿದೆ. ವೈಪ್ ಪ್ಯಾಕೆಟ್ಟು ಅರ್ಧ ಖಾಲಿ. ಸಂಜೆ ನೋಡಿ, “ಇದೇನೇ, ಬರ್ಮಿಂಗ್‌ಹ್ಯಾಮಿನಲ್ಲಿ ಮಳೆ ಬಂದಿತ್ತಾ?” ಎಂದರು. ಹೂಂ ಅಂದೆ.

ಅಕ್ಟೋಬರ್ ೧೫, ಮಂಗಳವಾರ

ಥೂ, ನನ್ನ ಕೈಗಿಷ್ಟು ಬೆಂಕಿ ಹಾಕ!

ಪೇಗನ್ನರು ಪೂಜೆಗೆ ಮೊದಲು ಒಂದು ವೃತ್ತ ಹಾಕಿ ನಾಲ್ಕು ದಿಕ್ಕಿಗೆ ಗಾಳಿ, ಬೆಂಕಿ, ನೀರು, ಮಣ್ಣನ್ನು ಕರೆಯುತ್ತಾರೆ. ಅದನ್ನು ಹೇಳುತ್ತ ಬೋರ್ಡಿನ ಮೇಲೆ ವೃತ್ತ ಎಳೆದೆ. ನೋಟ್ಸು ಮೇಜಿನ ಮೇಲೇ ಇತ್ತು, ನೋಡಲಿಲ್ಲ. ಕಣ್ಣು ಕಾನರ್‌ನ ಚೇಷ್ಟೆಯ ಮೇಲೆ, ಬಾಯಿ ಪಾಠದ ಮೇಲೆ. ಕೈ ತನ್ನ ಪಾಡಿಗೆ ಬರೆಯಿತು. ಆಗ್ನೇಯಕ್ಕೆ ಬೆಂಕಿ, ವಾಯವ್ಯಕ್ಕೆ ಗಾಳಿ, ಈಶಾನ್ಯಕ್ಕೆ ನೀರು, ನೈಋತ್ಯಕ್ಕೆ ಮಣ್ಣು. ವಾಸ್ತು! ನಾವಿರುವ ಹಾರ್ಬೋರ್ನಿನಲ್ಲಿ ಆಗ್ನೇಯಕ್ಕೆ ಅಡುಗೆಮನೆ ಇರುವ ಮನೆಯೇ ಬೇಕೆಂದು ಎಸ್ಟೇಟ್ ಏಜೆಂಟಿನ ಕೈಗೆ ಕಂಪಾಸು ಕೊಟ್ಟು ಕುಣಿಸಿದ ಹೆಂಗಸಿನ ಕೈ ಇನ್ನೇನು ಬರೆದೀತು?

ಹಿಂದಿನಿಂದ ಮೆಲ್ಲಗೆ ಒಂದು ದನಿ. “ಮಿಸ್, ಬೆಂಕಿ ಮೂಲೇಲಿ ಬರಲ್ಲ. ನೇರ ದಕ್ಷಿಣಕ್ಕೆ ಬರುತ್ತೆ. ಗಾಳಿ ಪೂರ್ವಕ್ಕೆ.” ಬ್ರಯೊನಿ. ನಾನು ತಪ್ಪು ಹೇಳಿ ಸಿಕ್ಕಿಬೀಳಬಾರದೆಂಬ ಕಾಳಜಿ ಆ ದನಿಯಲ್ಲಿತ್ತು, ಈಗ ಕೂತು ಯೋಚಿಸಿದರೆ ಅದು ಸ್ಪಷ್ಟ.

“ನಿನಗೆ ಹೆಂಗೆ ಗೊತ್ತು?” ಎಂದ ಕಾನರ್.

“ನಮ್ಮ ನ್ಯಾನ್ ಹಾಕ್ತಾಳೆ” ಎಂದಳು. ನ್ಯಾನ್ ಎಂದರೆ ಅಜ್ಜಿ. ಹೇಳಿದ ಮೇಲೆ ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಮುಖ ಸುಣ್ಣ ಬಳಿದ ಹಾಗಾಯಿತು. ತರಗತಿ ಹೋ ಎಂದು ಕೂಗಿತು. ‘ಅಜ್ಜಿ ಮಾಟಗಾತಿ, ಮೊಮ್ಮಗಳೂ ಮಾಟಗಾತಿ’ ಎಂದು ಯಾರೋ ಹಾಡು ಕಟ್ಟಿದರು.

ಗದರಿಸಿ ಕೂರಿಸಿದೆ. ಆದರೆ ಹಂಝಾ, ಪಾಪ, ನಿಜವಾದ ಕುತೂಹಲದಿಂದ, “ಮತ್ತೆ ನಿಮ್ಮದು ಎಲ್ಲಿಂದ ಬಂತು ಮಿಸ್?” ಎಂದು ಕೇಳಿದ. ನಾನು ಏನಂದೆ? “ಇಂಟರ್ನೆಟ್ಟಿನಲ್ಲಿ ಹಾಗಿತ್ತು” ಅಂದೆ. ಅಂದು, ಬೋರ್ಡು ಒರೆಸಿದೆ.

ಅಕ್ಟೋಬರ್ ೧೬, ಬುಧವಾರ

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಡಿದವಳು ಆ ಹುಡುಗಿ, ಒಡೆಸಿದವಳು ನಾನು.

ಅಕ್ಟೋಬರ್ ೧೮, ಶುಕ್ರವಾರ

ಬ್ರಯೊನಿಯ ಲಾಕರಿಗೆ ಯಾರೋ ಪೊರಕೆ ಕಟ್ಟಿದ್ದಾರೆ. ಇಲ್ಲಿನ ಕಥೆಗಳಲ್ಲಿ ಮಾಟಗಾತಿಯರ ವಾಹನ ಅದು. ಊಟದ ಹಾಲಿನಲ್ಲಿ ಅವಳು ಕೂತ ಬೆಂಚಿನಿಂದ ಹುಡುಗಿಯರು ಎದ್ದು ಹೋದರಂತೆ. ಮಧ್ಯಾಹ್ನ ಅವಳ ತಾಯಿಯಿಂದ ಇಮೇಲ್ ಬಂತು: ಮಗಳನ್ನು ಧರ್ಮದ ತರಗತಿಯಿಂದ ಬಿಡಿಸುತ್ತಿದ್ದೇನೆ, ಕ್ರಿಸ್ಮಸ್ ನಂತರ ಬೇರೆ ಸ್ಕೂಲು ನೋಡುತ್ತೇನೆ. ಹಾಗೆ ಬಿಡಿಸುವ ಹಕ್ಕು ಇಲ್ಲಿ ತಂದೆತಾಯಿಗಳಿಗೆ ಇದೆ.

ಗ್ರಹಾಂ ಕೆಟ್ಟವನಲ್ಲ, ಸುಸ್ತಾದವನು. “ಪಾಠ ಇಲ್ಲಿಗೆ ನಿಲ್ಲಿಸಿಬಿಡಿ. ರಜ ಮುಗಿದ ಮೇಲೆ ‘ಯುದ್ಧ ಮತ್ತು ಶಾಂತಿ’ ಪಾಠ ಶುರುಮಾಡಿ. ಮಕ್ಕಳು ಮರೀತಾರೆ” ಎಂದ.

“ಮಕ್ಕಳು ಮರೀತಾರೆ. ಅವಳು ಮರೀತಾಳಾ?” ಎಂದೆ. ದನಿ ಸ್ವಲ್ಪ ಏರಿತು. ಕಾಫಿ ಮಷೀನಿನ ಹತ್ತಿರ ಇದ್ದವರು ತಿರುಗಿ ನೋಡಿದರು. ನೋಡಲಿ. ಪಾಠ ನಿಲ್ಲಿಸಿದರೆ ತಪ್ಪು ಪಾಠದ್ದು, ಹುಡುಗಿಯದ್ದು ಅಂತಾಗುತ್ತದೆ. ನಾನು ನಿಲ್ಲಿಸುವುದಿಲ್ಲ. ಕೊನೆಯ ಮಂಗಳವಾರ ಆ ಹುಡುಗಿ ಬೇರೆ ಮಕ್ಕಳ ಹಾಗೆ ನನ್ನ ತರಗತಿಯಲ್ಲಿ ಎದ್ದು ನಿಂತು ಮಾತಾಡಬೇಕು. ಹಾಗಾಗದಿದ್ದರೆ ನಾನು ಟೀಚರಾಗಿ ಏನು ಸುಖ?

ಅಕ್ಟೋಬರ್ ೨೨, ಮಂಗಳವಾರ

ಬ್ರಯೊನಿ ಲೈಬ್ರರಿಯಲ್ಲಿ. ಗಾಜಿನಾಚೆ ಕೂತು ಉಗುರು ನೋಡಿಕೊಳ್ಳುತ್ತಿದ್ದಳು. ಉಗುರಿನ ಮೇಲೆ ಎಲೆಗಳಿಲ್ಲ, ಬರೀ ಉಗುರು.

ಅವಳ ತಾಯಿಗೆ ಫೋನ್ ಮಾಡಿದೆ. “ನೋಡಿ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ನಂಬಿಕೆನೂ ಇಲ್ಲ” ಎಂದಳು ನೇರವಾಗಿ. ಆ ಮಾತು ಚುರುಕ್ಕೆಂದಿತು. ಕೊನೆಗೆ, “ನಮ್ಮಮ್ಮನ ಹತ್ರ ಮಾತಾಡಿ. ವೃತ್ತ ಹಾಕೋದು ಅವಳು” ಎಂದು ನಂಬರು ಕೊಟ್ಟಳು. ಹೆಡ್ ಟೀಚರ್ ಒಪ್ಪಿಗೆಯನ್ನೂ ಪಡೆದೆ. ರಜದಲ್ಲಿ, ಗುರುವಾರ ಅಜ್ಜಿಯ ಮನೆಗೆ.

ಅಕ್ಟೋಬರ್ ೩೧, ಗುರುವಾರ

ದೀಪಾವಳಿ. ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು, ಸ್ಟೀಲ್ ಡಬ್ಬಿಗೆ ರವೆಉಂಡೆ ತುಂಬಿಕೊಂಡು ಬಾರ್ಟ್ಲಿ ಗ್ರೀನಿನಲ್ಲಿರುವ ಬ್ರಯೊನಿಯ ಅಜ್ಜಿಯ ಮನೆಗೆ ಹೋದೆ. ಬರಿಗೈಯಲ್ಲಿ ಹೋಗುವುದು ಹೇಗೆ, ಹಬ್ಬದ ದಿನ?

ಬಾಗಿಲು ತೆಗೆದ ಅಜ್ಜಿ ಮೌರೀನ್‌ಗೆ ಎಪ್ಪತ್ತರ ಹತ್ತಿರ. ಮಾಟಗಾತಿಯೆಂದರೆ ಕರಿ ಬಟ್ಟೆ ಅಂದುಕೊಂಡಿದ್ದೆನೋ ಏನೋ; ಆಕೆ ಹಳದಿ ಕಾರ್ಡಿಗನ್ ಹಾಕಿಕೊಂಡು ಮೂಲಂಗಿ ಹೆಚ್ಚುತ್ತಿದ್ದಳು. “ಒಳಗೆ ಬಾ ಬ್ಯಾಬ್” ಎಂದಳು. ಬ್ಯಾಬ್ ಅಂದರೆ ಇಲ್ಲಿನ ಹಳಬರ ಬಾಯಲ್ಲಿ ನಮ್ಮ ‘ಕಂದಾ’ ಇದ್ದ ಹಾಗೆ. ನಲವತ್ತಾರರ ನನ್ನನ್ನು ಯಾರಾದರೂ ಕಂದಾ ಎಂದು ಎಷ್ಟು ಕಾಲವಾಯಿತು.

ಆಕೆ ಹನ್ನೊಂದನೇ ನಂಬರ್ ಬಸ್ಸು ಓಡಿಸುತ್ತಿದ್ದವಳಂತೆ, ಊರನ್ನು ಸುತ್ತು ಹಾಕುವ ಬಸ್ಸು. “ನಾನು ಯಾವಾಗಲೂ ಬಲಕ್ಕೆ ಸುತ್ತೋ ಬಸ್ಸೇ ಕೇಳಿ ತಗೋತಿದ್ದೆ. ಎಡಕ್ಕೆ ಸುತ್ತಿದರೆ ತಲೆ ತಿರುಗೋದು” ಎಂದಳು. ನಮ್ಮಲ್ಲೂ ಪ್ರದಕ್ಷಿಣೆ ಬಲಕ್ಕೇ ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಅಡುಗೆಮನೆಯ ಮೇಜಿನ ಮೇಲೆ ಯಾರೂ ಕೂರದ ಕುರ್ಚಿಯ ಮುಂದೆ ಒಂದು ತಟ್ಟೆ ಇತ್ತು. ಅದರಲ್ಲಿ ಹುರಿದ ಹಂದಿಚರ್ಮದ ತಿಂಡಿ, ಪಕ್ಕದಲ್ಲಿ ಅರ್ಧ ಗ್ಲಾಸು ಕಪ್ಪು ಬಿಯರು. “ಇವತ್ತು ನಮ್ಮ ಸಾವಿನ್ ಹಬ್ಬ. ಸತ್ತವರು ಬರೋ ದಿನ. ಇದು ನನ್ನ ಗಂಡನಿಗೆ. ಸೊಪ್ಪು ಗಿಪ್ಪು ಇಟ್ಟರೆ ಮುಖ ತಿರುಗಿಸ್ಕೊಂಡು ಹೋಗ್ತಾನೆ” ಎಂದಳು. ಸಾವಿನ್ ಎಂಬುದು ಆ ಹಬ್ಬದ ಹೆಸರು. ಕನ್ನಡದ ಕಿವಿಗೆ ಅದು ಸಾವಿನ ಹಬ್ಬವೆಂದೇ ಕೇಳಿತು.

ನಾನು ನಕ್ಕೆ. “ನಮ್ಮ ಹಿರಿಯರ ಹಬ್ಬದಲ್ಲಿ ತಾತನ ಎಡೆಗೆ ಮಾಂಸದ ಸಾರು, ಮುದ್ದೆ, ಒಂದು ಕಟ್ಟು ಗಣೇಶ ಬೀಡಿ, ಕ್ವಾರ್ಟರ್ ಬ್ರಾಂದಿ ಇಡ್ತಿದ್ರು” ಎಂದೆ. ಈ ದೇಶದಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಅಮೂಲ್ಯಾಗೆ ಕೂಡ ಹೇಳಿಲ್ಲ. ಮೌರೀನ್ ಚಾಕು ಕೆಳಗಿಟ್ಟು, “ಬೀಡಿ ಹಚ್ಚಿ ಇಡ್ತಿದ್ರಾ, ಹಾಗೇ ಇಡ್ತಿದ್ರಾ?” ಎಂದು ಗಂಭೀರವಾಗಿ ಕೇಳಿದಳು. ಹಚ್ಚಿ ಎಂದೆ. “ಅದು ಸರಿ” ಎಂದು ಮತ್ತೆ ಮೂಲಂಗಿ ಹೆಚ್ಚಿದಳು.

ಆಮೇಲೆ ಬಂದ ಕೆಲಸದ ಮಾತು. “ನಿನ್ನ ಚಿತ್ರದಲ್ಲಿ ಬೆಂಕಿ ಮೂಲೆಗೆ ಯಾಕೆ ಹೋಯ್ತು?” ಎಂದಳು. ವಾಸ್ತು ವಿವರಿಸಿದೆ. ಒಲೆಯ ಜಾಗ, ದೇವರ ಮೂಲೆ, ಏಜೆಂಟಿನ ಕಂಪಾಸು, ಎಲ್ಲ. ಆಕೆ ಕೇಳಿಸಿಕೊಂಡು, “ಚೆನ್ನಾಗಿದೆ. ಮಕ್ಕಳಿಗೆ ಇದನ್ನ ಯಾಕೆ ಹೇಳಲಿಲ್ಲ?” ಎಂದಳು.

ಟೀಚರು ಯಾವ ಕಡೆಗೂ ವಾಲಬಾರದು ಎಂದು ಏನೋ ತೊದಲಿದೆ.

“ವಾಲಬೇಡ ಬ್ಯಾಬ್. ಆದರೆ ನಮ್ಮ ಹುಡುಗಿ ಒಬ್ಬಳೇ ನಿಂತಿದ್ದಳಲ್ಲ, ಅಲ್ಲಿ” ಎಂದಳು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಬ್ರಯೊನಿ ಮೇಲಿನ ಕೋಣೆಯಿಂದ ಇಳಿಯಲೇ ಇಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ಕಾಲುಚೀಲದ ಎರಡು ಪಾದ ಮಾತ್ರ ಕಂಡವು. ಡಬ್ಬಿ ಅಲ್ಲೇ ಬಿಟ್ಟುಬಂದೆ.

ನವೆಂಬರ್ ೪, ಸೋಮವಾರ

ನಾಳೆ ತರಗತಿಯಲ್ಲಿ ನಿಜ ಹೇಳುತ್ತೇನೆ. ನಕ್ಕರೆ ನಗಲಿ. ಹದಿಮೂರರ ಹುಡುಗಿ ತಡೆದುಕೊಂಡದ್ದನ್ನು ನಾನು ತಡೆದುಕೊಳ್ಳಲಾರೆನಾ?

ನವೆಂಬರ್ ೫, ಮಂಗಳವಾರ

ಬೋರ್ಡಿನ ಮೇಲೆ ಎರಡು ವೃತ್ತ ಎಳೆದೆ. ಒಂದರ ಮೇಲೆ ಗಾರ್ಡ್ನರ್ ಕಾಲದಿಂದ ಬಂದದ್ದು ಎಂದು ಬರೆದು, ಬೆಂಕಿಯನ್ನು ದಕ್ಷಿಣಕ್ಕೆ ಇಟ್ಟೆ. ಇನ್ನೊಂದರ ಮೇಲೆ ‘ನಮ್ಮ ಮನೆ’ ಎಂದು ಬರೆದೆ.

“ಹೋದ ತಿಂಗಳು ನಾನು ತಪ್ಪು ಬರೆದಾಗ ಇಂಟರ್ನೆಟ್ ಅಂದೆ. ಇಂಟರ್ನೆಟ್ ಅಲ್ಲ. ಅದು ನಮ್ಮ ಮನೆಯ ಲೆಕ್ಕ. ನಾನು ಹಿಂದೂ. ನಮ್ಮ ಮನೆಯಲ್ಲಿ ಬೆಂಕಿ ಆಗ್ನೇಯಕ್ಕೆ” ಎಂದೆ.

“ಹಾಗಾದ್ರೆ ಸುಳ್ಳು ಹೇಳಿದ್ರಾ ಮಿಸ್?” ಕಾನರ್.

“ಹೌದು.”

“ಯಾಕೆ?”

“ನೀವು ನಗ್ತೀರಿ ಅಂತ ಹೆದರಿದೆ. ಬ್ರಯೊನಿಗೆ ನಕ್ಕ ಹಾಗೆ.”

ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ. ಯಾರಾದರೂ ಏನಾದರೂ ಅನ್ನಬಾರದೆ ಎನಿಸಿತು. ಕೊನೆಗೆ ಹಂಝಾ ಕೈಯೆತ್ತಿದ. “ಮಿಸ್, ಆಗ್ನೇಯ ನಮ್ಮದು. ಇಲ್ಲಿಂದ ಮೆಕ್ಕಾ ಇರೋದು ಆ ಕಡೆ. ನಮ್ಮಪ್ಪ ಹೋಟೆಲಿಗೆ ಹೋದ್ರೂ ಮೊದಲು ಅದನ್ನೇ ಹುಡುಕ್ತಾರೆ.” ಇನ್ನೊಬ್ಬಳು ತಮ್ಮ ಚರ್ಚಿನ ಪೀಠ ಪೂರ್ವಕ್ಕೆ ಎಂದಳು. ಗದ್ದಲ ಶುರುವಾಯಿತು, ಒಳ್ಳೆಯ ಗದ್ದಲ. ಫೋನಿನ ಕಂಪಾಸು ನೋಡಲು ಬಿಟ್ಟೆ. ಫೋನು ತೆಗೆಸಿದ್ದಕ್ಕೆ ಗ್ರಹಾಂ ನಾಳೆ ಬೈದರೆ ಬೈಸಿಕೊಳ್ಳುತ್ತೇನೆ.

ಕಾನರ್ ಮಾತ್ರ, “ನಮಗೆ ಇರೋದು ಒಂದೇ ದಿಕ್ಕು ಮಿಸ್. ವಿಲ್ಲಾ ಪಾರ್ಕ್” ಎಂದ. ಅದು ಅವನ ತಂಡದ ಫುಟ್‌ಬಾಲ್ ಮೈದಾನ. ಎಲ್ಲಿ ಬರುತ್ತದೆ ನೋಡು ಎಂದೆ. ಫೋನು ತಿರುಗಿಸಿ ತಿರುಗಿಸಿ ನೋಡಿ ಈಶಾನ್ಯ ಎಂದ. “ಅಯ್ಯೋ, ಅದು ನಮ್ಮ ದೇವಮೂಲೆ ಕಣೋ! ದೇವರ ಪಟ ಇಡೋ ಜಾಗ” ಎಂದೆ. ಅರ್ಧ ಕನ್ನಡದಲ್ಲೇ ಹೇಳಿಬಿಟ್ಟೆನೆಂದು ಕಾಣುತ್ತದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಕಾನರ್ ಅಂತೂ ಕಪ್ ಗೆದ್ದವನ ಹಾಗೆ ಎರಡೂ ಕೈಯೆತ್ತಿದ.

ಬೆಲ್ ಆದ ಮೇಲೆ ಅವನು ಹಿಂದೆ ಉಳಿದ. “ಪೊರಕೆ ಕಟ್ಟಿದ್ದು ನಾನು ಮಿಸ್.”

“ನನಗೆ ಯಾಕಪ್ಪ ಹೇಳ್ತೀಯ? ಪೊರಕೆ ನನ್ನ ಲಾಕರಿಗೆ ಕಟ್ಟಿದ್ಯಾ?”

ತಲೆ ತಗ್ಗಿಸಿ ಲೈಬ್ರರಿಯ ಕಡೆ ಹೋದ. ನಾನು ಹಿಂದೆ ಹೋಗಿ ನೋಡಲಿಲ್ಲ. ನೋಡಬೇಕೆಂದು ಪ್ರಾಣ ಹೋಗುತ್ತಿತ್ತು.

ನವೆಂಬರ್ ೯, ಶನಿವಾರ

ಬ್ರಯೊನಿಯ ತಾಯಿಯಿಂದ ಏನೂ ಸುದ್ದಿಯಿಲ್ಲ. ದಿನಕ್ಕೆ ಹತ್ತು ಸಲ ಇಮೇಲ್ ನೋಡುತ್ತೇನೆ. ಬರದಿದ್ದರೆ ಮತ್ತೆ ಬಾರ್ಟ್ಲಿ ಗ್ರೀನಿಗೆ ಹೋಗುವುದೇ ಸೈ, ಮೂಲಂಗಿ ಹೆಚ್ಚಿಕೊಡುತ್ತೇನೆ.

ಊಟದ ಹೊತ್ತಿಗೆ ಅಮೂಲ್ಯಾಗೆ ತಾತನ ಎಡೆಯ ಕಥೆ ಹೇಳಿದೆ. “ಬ್ರಾಂದಿ? ಫಾರ್ ರಿಯಲ್?” ಎಂದು ತಟ್ಟೆ ಬಿಟ್ಟು ನಕ್ಕಳು. ಆಮೇಲೆ, ತಾತನ ಫೋಟೋ ಇದೆಯಾ ಎಂದು ಕೇಳಿದಳು.

ದಿವಾಕರ ಕಾರು ತೊಳೆಯಲು ಹೋದವರು ವಾಪಸ್ ಬಂದು, “ಲೇ, ಕಾರಿನಲ್ಲಿ ಇನ್ನೂ ಅದೇ ಅರ್ಧ ವೈಪ್ ಪ್ಯಾಕೆಟ್ಟೇ ಇದೆಯಲ್ಲ, ಮುಗಿದೇ ಇಲ್ಲ. ಅಂಗಡೀಲಿ ಆಫರ್ ಇತ್ತು ಅಂತ ಹೊಸದು ತಂದೆ” ಎಂದರು. ಆ ಪ್ಯಾಕೆಟ್ಟು ಬಿಸಿಲಿಗೆ ಒಣಗಿರಬೇಕು, ಎಸೆದುಬಿಡಿ ಎಂದೆ. ನವೆಂಬರಿನಲ್ಲಿ ಯಾವ ಬಿಸಿಲು ಎಂದು ಗೊಣಗಿದರು.

ನವೆಂಬರ್ ೧೨, ಮಂಗಳವಾರ

ಹಾಜರಿ ಕರೆಯುತ್ತಿದ್ದೆ. ಅವಳ ಹೆಸರನ್ನು ದಾಟಿ ಹೋಗಿದ್ದೆ. ಬಾಗಿಲ ಹತ್ತಿರ ಮೊದಲು ಕಂಡದ್ದು ನನ್ನ ಸ್ಟೀಲ್ ಡಬ್ಬಿ, ಆಮೇಲೆ ಅದನ್ನು ಹಿಡಿದ ಕೈ, ಉಗುರಿನ ಮೇಲೆ ಹಸಿರು ಎಲೆಗಳು.

“ಮಾಮ್ ಹೋಗು ಅಂದ್ಲು” ಎಂದಳು ಬ್ರಯೊನಿ. “ಡಬ್ಬಿ ಖಾಲಿ ವಾಪಸ್ ಕೊಡಬಾರದಂತೆ, ನ್ಯಾನ್ ಹೇಳಿದ್ಲು.” ಒಳಗೆ ದಾಲ್ಚಿನ್ನಿ ಹಾಕಿದ ಬಿಸ್ಕತ್ತು. ನಮ್ಮಮ್ಮ ಅನ್ನುತ್ತಿದ್ದ ಮಾತನ್ನೇ ಅಕ್ಷರ ಬಿಡದೆ ಈ ಬರ್ಮಿಂಗ್‌ಹ್ಯಾಮಿನ ಹುಡುಗಿ ಅಂದಾಗ ನಾನು ಹಾಜರಿಯ ಪರದೆ ನೋಡುವ ನೆಪದಲ್ಲಿ ಕಣ್ಣು ಒರೆಸಿಕೊಳ್ಳಬೇಕಾಯಿತು.

ಕಾನರ್ ಗಾರ್ಡ್ನರ್ ಬಗ್ಗೆ ಮಾತಾಡಿದ, ಚಹಾ ತೋಟದ ಬಗ್ಗೆಯೇ ಜಾಸ್ತಿ. ಹಂಝಾ ಚೆನ್ನಾಗಿ ಓದಿಕೊಂಡು ಬಂದಿದ್ದ. ಆಮೇಲೆ ಬ್ರಯೊನಿ ತಾನಾಗಿಯೇ ಎದ್ದಳು. ಕೈಯಲ್ಲಿ ಕಾಗದವಿಲ್ಲ.

“ನಾನು ಡೋರೀನ್ ವ್ಯಾಲಿಯೆಂಟ್ ತಗೊಂಡಿದ್ದೀನಿ. ಅವಳು ಬಹಳ ಧೈರ್ಯದವಳು. ಆದರೆ ಅವರಮ್ಮ ಸಾಯೋವರೆಗೂ ತಾನು ಏನು ಅಂತ ಎಲ್ಲರ ಮುಂದೆ ಹೇಳಲಿಲ್ಲ.” ನಿಂತು ಉಸಿರೆಳೆದುಕೊಂಡಳು. “ನನಗೆ ಅಷ್ಟು ದಿನ ಕಾಯೋಕಾಗಲ್ಲ. ನಮ್ಮ ಮಾಮ್‌ಗೆ ಇನ್ನೂ ಮೂವತ್ತೆಂಟು.”

ಮೊದಲು ನಕ್ಕದ್ದು ಕಾನರ್. ಬ್ರಯೊನಿಯೂ ನಕ್ಕಳು. ಅವಳ ಹಲ್ಲಿಗೆ ಕ್ಲಿಪ್ಪು ಇದೆಯೆಂದು ನನಗೆ ಇವತ್ತೇ ಗೊತ್ತಾದದ್ದು.

ಆಮೇಲೆ ಬೋರ್ಡಿನ ಹತ್ತಿರ ಬಂದು ಒಂದು ದೊಡ್ಡ ವೃತ್ತ ಎಳೆದಳು, ಬಲಕ್ಕೆ ಸುತ್ತಿ. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಪೆನ್ನು ಮುಚ್ಚಲು ಹೋದವಳು ಒಂದು ಸಲ ನನ್ನ ಕಡೆ, ನನ್ನ ಹಣೆಯ ಕುಂಕುಮದ ಕಡೆ ನೋಡಿದಳು. ಮತ್ತೆ ತಿರುಗಿ ಆಗ್ನೇಯ ಮೂಲೆಯಲ್ಲಿ ಸಣ್ಣದಾಗಿ ‘ಮಿಸ್ ಅವರ ಒಲೆ’ ಎಂದು ಬರೆದು ಹೋಗಿ ಕೂತಳು.

ಮುಂದಿನ ಪೀರಿಯಡ್ಡಿಗೆ ಏಳನೇ ತರಗತಿಯವರು ನುಗ್ಗಿದರು. ಮುಂದಿನ ಸಾಲಿನ ಪುಟ್ಟ ಹುಡುಗಿ ಡಸ್ಟರ್ ಎತ್ತಿಕೊಂಡು, “ಒರೆಸಲಾ ಮಿಸ್?” ಎಂದು ಕೇಳಿದಳು.

ಬೇಡ ಪುಟ್ಟಾ, ಪಕ್ಕದಲ್ಲಿ ಜಾಗ ಇದೆ, ಅಲ್ಲಿ ಬರೀತೀನಿ ಎಂದೆ.